ಪಂಪ್‌ಸೆಟ್ ಕಾಯಲು ಯಾವ ಚಿಪ್? ಮೈಕ್ರೋಕಂಟ್ರೋಲರೋ, ಪ್ರೋಗ್ರಾಮೆಬಲ್ ಲಾಜಿಕ್ಕೋ?

ಮಲಪ್ರಭೆಯ ಆಸುಪಾಸಿನ ಹಳ್ಳಿಗಳಲ್ಲಿ ಕೃಷಿ ಪಂಪ್‌ಸೆಟ್ಟುಗಳಿಗೆ ತ್ರೀಫೇಸ್ ವಿದ್ಯುತ್ ಬರುವುದು ಪಾಳಿಯ ಲೆಕ್ಕದಲ್ಲಿ. ಪಾಳಿ ನಡುರಾತ್ರಿಯದಾದರೆ ಹೊಲಕ್ಕೆ ಹೋಗಿ ಗುಂಡಿ ಒತ್ತುವವರಾರು? ಹೀಗಾಗಿ ಸವದತ್ತಿ, ರಾಮದುರ್ಗ, ಬೈಲಹೊಂಗಲ, ಕಿತ್ತೂರು ಭಾಗದ ಅನೇಕ ರೈತರು ಸ್ಟಾರ್ಟರ್ ಡಬ್ಬಿಗೆ ‘ಆಟೋ’ ಜೋಡಿಸಿ ಮನೆಯಲ್ಲಿ ಮಲಗುತ್ತಾರೆ. ಕರೆಂಟು ಬಂದೊಡನೆ ಮೋಟಾರು ತಾನಾಗಿಯೇ ಹೊರಡುತ್ತದೆ. ಆದರೆ ಮೂರು ಫೇಸುಗಳಲ್ಲಿ ಒಂದು ನಡುವೆಯೇ ಕಡಿದುಹೋದರೆ ಅದನ್ನು ನಿಲ್ಲಿಸುವವರು ಹೊಲದಲ್ಲಿ ಇರುವುದಿಲ್ಲ. ಉಳಿದ ಎರಡು ತಂತಿಗಳಲ್ಲಿ ಹರಿಯುವ ಕರೆಂಟು ಸುಮಾರು 1.73 ಪಟ್ಟು ಏರುತ್ತದೆ. 5 ಎಚ್‌ಪಿ ಮೋಟಾರು ಪೂರ್ಣ ಹೊರೆಯಲ್ಲಿ ಎಳೆಯುವುದು ಸುಮಾರು ಏಳೂವರೆ ಆಂಪಿಯರ್. ಒಂದು ಫೇಸ್ ಹೋದಾಗ ಅದು ಹದಿಮೂರರ ಹತ್ತಿರ ಹೋಗುತ್ತದೆ. ಬೆಳಗಿನ ಹೊತ್ತಿಗೆ ವೈಂಡಿಂಗ್ ಸುಟ್ಟಿರುತ್ತದೆ. ಬೆಳೆ ನೀರಿಗೆ ಕಾದಿರುವ ದಿನಗಳಲ್ಲೇ ರಿವೈಂಡಿಂಗ್ ಅಂಗಡಿಗಳ ಮುಂದೆ ಸರದಿ ನಿಲ್ಲುತ್ತದೆ.

ಈ ಸಂಕಟಕ್ಕೆ ಎಲೆಕ್ಟ್ರಾನಿಕ್ಸ್‌ನಲ್ಲಿ ಪರಿಹಾರ ಉಂಟು ಎಂಬುದು ಹಳೆಯ ಸಂಗತಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಲ್ಲಿ ಬೆಳಗಾವಿಯನ್ನೇ ಕೇಂದ್ರವಾಗಿಸಿಕೊಂಡು ಸ್ಥಾಪನೆಯಾಯಿತು. ಅದರ ವ್ಯಾಪ್ತಿಯ ಕಾಲೇಜುಗಳಲ್ಲಿ ಓದುವ ಈ ಭಾಗದ ರೈತರ ಮಕ್ಕಳಿಗೆ ಅಂತಿಮ ವರ್ಷದ ಪ್ರಾಜೆಕ್ಟಿನ ವಿಷಯ ಹುಡುಕಲು ಹೆಚ್ಚು ದೂರ ಹೋಗಬೇಕಿಲ್ಲ; ಅಪ್ಪನ ಹೊಲದ ಸ್ಟಾರ್ಟರ್ ಡಬ್ಬಿಯೇ ಸಾಕು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ಹಣ ನೀಡುವ ಯೋಜನೆಯನ್ನೂ ಬಹುಕಾಲದಿಂದ ನಡೆಸುತ್ತಿದೆ. ಆದರೆ ವಿಷಯ ಗೊತ್ತಾದ ಕೂಡಲೇ ಎದುರಾಗುವ ಮೊದಲ ಪ್ರಶ್ನೆಯಲ್ಲೇ ಬಹಳಷ್ಟು ತಂಡಗಳು ದಾರಿ ತಪ್ಪುತ್ತವೆ. ಡಬ್ಬಿಯೊಳಗೆ ಕೂರಿಸಬೇಕಾದುದು ಮೈಕ್ರೋಕಂಟ್ರೋಲರೋ ಅಥವಾ ಎಫ್‌ಪಿಜಿಎ ಎಂದು ಕರೆಯಲಾಗುವ ಪ್ರೋಗ್ರಾಮೆಬಲ್ ಲಾಜಿಕ್ ಚಿಪ್ಪೋ? ಕಾಲೇಜಿನಲ್ಲಿ 8051 ಮೈಕ್ರೋಕಂಟ್ರೋಲರಿನ ಲ್ಯಾಬೂ ಇತ್ತು, ಎಚ್‌ಡಿಎಲ್ ಲ್ಯಾಬೂ ಇತ್ತು. ಎರಡನೆಯದರ ಹೆಸರು ಘನವಾಗಿ ಕೇಳಿಸುತ್ತದೆ; ಪರೀಕ್ಷಕರ ಮುಂದೆ ತೂಕ ಬರುತ್ತದೆ ಎಂಬ ನಂಬಿಕೆಯೂ ಇದೆ.

ಹಾಸು ಮತ್ತು ಹೊಕ್ಕು

ಎರಡರ ವ್ಯತ್ಯಾಸವನ್ನು ರಾಮದುರ್ಗದ ನೇಕಾರರಿಗೆ ವಿವರಿಸುವುದು ಸುಲಭ. ಮಗ್ಗದಲ್ಲಿ ಹೊಕ್ಕಿನ ಎಳೆ ಒಂದಾದ ಮೇಲೆ ಒಂದರಂತೆ ಬೀಳುತ್ತದೆ. ಲಾಳಿ ಒಂದೇ, ಅದು ಅತ್ತಿಂದಿತ್ತ ಓಡಾಡುತ್ತಲೇ ಇರಬೇಕು. ಹಾಸಿನ ಎಳೆಗಳಾದರೋ ನೂರಾರು ಏಕಕಾಲದಲ್ಲಿ ಮೇಲೇಳುತ್ತವೆ, ಇಳಿಯುತ್ತವೆ. ಮೈಕ್ರೋಕಂಟ್ರೋಲರ್ ಹೊಕ್ಕಿನಂತೆ. ಅದರೊಳಗೆ ಸಣ್ಣ ಪ್ರೊಸೆಸರ್ ಒಂದಿರುತ್ತದೆ. ನೆನಪಿನಲ್ಲಿ ಬರೆದಿಟ್ಟ ಆದೇಶಗಳನ್ನು ಅದು ಒಂದೊಂದಾಗಿ ಓದಿ ನಡೆಸುತ್ತದೆ. ಪ್ರೋಗ್ರಾಮೆಬಲ್ ಲಾಜಿಕ್ ಹಾಸಿನಂತೆ. ಅಲ್ಲಿ ಆದೇಶಗಳ ಸರಣಿಯೇ ಇಲ್ಲ. ಸಾವಿರಾರು ಪುಟ್ಟ ಕೋಷ್ಟಕಗಳು, ಒಂದೊಂದು ಬಿಟ್ ಹಿಡಿದಿಡುವ ಫ್ಲಿಪ್‌ಫ್ಲಾಪುಗಳು, ಅವುಗಳ ನಡುವೆ ನಾವು ಬೇಕಾದಂತೆ ಜೋಡಿಸಬಹುದಾದ ತಂತಿಗಳ ಜಾಲ ಅಲ್ಲಿರುತ್ತವೆ. ವೆರಿಲಾಗ್ ಅಥವಾ ವಿಎಚ್‌ಡಿಎಲ್‌ನಲ್ಲಿ ಬರೆದುದು ಪ್ರೋಗ್ರಾಮಿನಂತೆ ಕಂಡರೂ ಅದು ವಾಸ್ತವದಲ್ಲಿ ಸರ್ಕ್ಯೂಟಿನ ವರ್ಣನೆ. ಹತ್ತು ಕೆಲಸ ಬರೆದರೆ ಹತ್ತು ಯಂತ್ರಗಳು ಹುಟ್ಟಿಕೊಂಡು ಒಟ್ಟಿಗೆ ದುಡಿಯುತ್ತವೆ. ಸಿ ಭಾಷೆ ಕಲಿತು ಬಂದ ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಅವರು ವೆರಿಲಾಗನ್ನೂ ಸಾಲು ಸಾಲಾಗಿ ನಡೆಯುತ್ತದೆಂದು ತಿಳಿದು ಬರೆಯುತ್ತಾರೆ.

ಇಂಟೆಲ್ ಕಂಪೆನಿಯ 8051 ಬಂದುದು 1980ರಲ್ಲಿ. ಝೈಲಿಂಕ್ಸ್ ಮೊದಲ ಎಫ್‌ಪಿಜಿಎ ತಂದುದು 1985ರಲ್ಲಿ. ಅಂದರೆ ಎರಡೂ ನಾಲ್ಕು ದಶಕ ಕಂಡ ವಿದ್ಯೆಗಳೇ. ಒಂದು ಹಳತು, ಇನ್ನೊಂದು ಹೊಸತು ಎಂಬ ಭಾವನೆಗೆ ಆಧಾರವಿಲ್ಲ.

ಇನ್ನೊಂದು ಗೊಂದಲವನ್ನು ಇಲ್ಲಿಯೇ ಬಿಡಿಸುವುದು ಒಳ್ಳೆಯದು. ಸಕ್ಕರೆ ಕಾರ್ಖಾನೆಗಳಲ್ಲಿ, ಜಿನ್ನಿಂಗ್ ಮಿಲ್ಲುಗಳಲ್ಲಿ ಕೇಳಿಬರುವ ಪಿಎಲ್‌ಸಿ ಎಂಬ ಪೆಟ್ಟಿಗೆಯ ಹೆಸರಿನಲ್ಲೂ ‘ಪ್ರೋಗ್ರಾಮೆಬಲ್ ಲಾಜಿಕ್’ ಎಂಬ ಪದಗಳಿವೆ. ಆದರೆ ಅದರೊಳಗೆ ಸಾಮಾನ್ಯವಾಗಿ ಕೆಲಸ ಮಾಡುವುದು ಪ್ರೊಸೆಸರೇ. ಅದು ಹಳೆಯ ಕಾಲದ ರಿಲೇ ಪ್ಯಾನೆಲ್‌ಗಳ ಬದಲಿಗೆ ಬಂದ ಕೈಗಾರಿಕಾ ನಿಯಂತ್ರಕ. ಈ ಲೇಖನದ ಎಫ್‌ಪಿಜಿಎಗೂ ಅದಕ್ಕೂ ಹೆಸರಿನ ನಂಟು ಮಾತ್ರ.

ಮೊದಲು ಗಡಿಯಾರ ನೋಡಿ

ಯಾವ ಚಿಪ್ ಎಂದು ಕೇಳುವ ಮುನ್ನ ಕೆಲಸಕ್ಕೆ ಎಷ್ಟು ಸಮಯವಿದೆ ಎಂದು ಕೇಳಬೇಕು. ಪಂಪ್‌ಸೆಟ್ಟಿನ ಲೆಕ್ಕ ಹೀಗಿದೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಒಂದು ಆವರ್ತಕ್ಕೆ 20 ಮಿಲಿಸೆಕೆಂಡು. ಮೂರು ಫೇಸುಗಳ ನಡುವಿನ ಅಂತರ ಅದರ ಮೂರನೆಯ ಒಂದು ಪಾಲು, ಅಂದರೆ ಸುಮಾರು 6.67 ಮಿಲಿಸೆಕೆಂಡು. 12 ಮೆಗಾಹರ್ಟ್ಸ್‌ನಲ್ಲಿ ಓಡುವ ಹಳೆಯ ಮಾದರಿಯ 8051ಗೆ ಒಂದು ಯಂತ್ರಾವರ್ತಕ್ಕೆ ಒಂದು ಮೈಕ್ರೋಸೆಕೆಂಡು ಸಾಕು. ಒಂದು ಫೇಸ್ ಸೊನ್ನೆ ದಾಟಿ ಮುಂದಿನದು ಸೊನ್ನೆ ದಾಟುವುದರೊಳಗೆ ಅದು ಮೂರು ಸಾವಿರಕ್ಕೂ ಹೆಚ್ಚು ಆದೇಶಗಳನ್ನು ಮುಗಿಸಬಲ್ಲದು. ಮೂರೂ ಫೇಸುಗಳು ಬಂದಿವೆಯೇ, ಸರದಿ ಸರಿಯಿದೆಯೇ, ಕರೆಂಟು ಎಷ್ಟು ಎಂದು ನೋಡಿದ ಮೇಲೂ ಬಿಡುವು ಉಳಿಯುತ್ತದೆ. ಮೋಟಾರನ್ನು ನಿಲ್ಲಿಸುವ ನಿರ್ಧಾರವನ್ನಂತೂ ಬೇಕೆಂದೇ ಕೆಲವು ಸೆಕೆಂಡು ತಡ ಮಾಡುತ್ತಾರೆ. ಇಲ್ಲದಿದ್ದರೆ ಕ್ಷಣಕಾಲದ ಏರಿಳಿತಕ್ಕೂ ಪಂಪು ನಿಂತು ರೈತನಿಗೆ ಕಿರಿಕಿರಿಯಾಗುತ್ತದೆ. ಇದೇ ಜಾಗದಲ್ಲಿ 50 ಮೆಗಾಹರ್ಟ್ಸ್ ಗಡಿಯಾರದ ಎಫ್‌ಪಿಜಿಎ ಕೂರಿಸಿದರೆ ಅದು ಎರಡು ಫೇಸುಗಳ ನಡುವೆ ಮೂರು ಲಕ್ಷಕ್ಕೂ ಹೆಚ್ಚು ಬಡಿತಗಳನ್ನು ಸುಮ್ಮನೆ ಎಣಿಸುತ್ತ ಕಾಯಬೇಕಾಗುತ್ತದೆ.

ಇದಕ್ಕಿಂತ ಮುಖ್ಯವಾದ ಕಾರಣ ಮತ್ತೊಂದಿದೆ. ಓಡುತ್ತಿರುವ ಮೋಟಾರಿನಲ್ಲಿ ಒಂದು ಫೇಸ್ ಕಡಿದರೆ, ತಿರುಗುವ ಮೋಟಾರೇ ಆ ಖಾಲಿ ತಂತಿಯಲ್ಲಿ ವೋಲ್ಟೇಜನ್ನು ಹುಟ್ಟಿಸುತ್ತದೆ. ವೋಲ್ಟೇಜ್ ಇದೆಯೋ ಇಲ್ಲವೋ ಎಂದಷ್ಟೇ ನೋಡುವ ಸರ್ಕ್ಯೂಟು ಇದರಿಂದ ಮೋಸ ಹೋಗುತ್ತದೆ. ಲ್ಯಾಬಿನಲ್ಲಿ ಮೂರು ಬಲ್ಬು ಉರಿಸಿ ಪರೀಕ್ಷಿಸಿದ ಪ್ರಾಜೆಕ್ಟು ಹೊಲದಲ್ಲಿ ಸೋಲುವುದು ಇದಕ್ಕಾಗಿಯೇ. ಆದ್ದರಿಂದ ಕರೆಂಟನ್ನು ಅಳೆಯಬೇಕು, ಫೇಸುಗಳ ಕೋನವನ್ನೂ ಗಮನಿಸಬೇಕು. ಬಾವಿಯಲ್ಲಿ ನೀರು ತೀರಿದಾಗ ಕರೆಂಟು ಇಳಿಯುವುದರಿಂದ ಡ್ರೈ ರನ್ ಆಗುತ್ತಿರುವುದೂ ಇದೇ ಅಳತೆಯಿಂದ ತಿಳಿಯುತ್ತದೆ. ಅಳೆಯಲು ಎಡಿಸಿ ಬೇಕು. ಇಂದಿನ ಬಹುಪಾಲು ಮೈಕ್ರೋಕಂಟ್ರೋಲರುಗಳ ಹೊಟ್ಟೆಯಲ್ಲೇ ಅದು ಇರುತ್ತದೆ. ಎಫ್‌ಪಿಜಿಎಗಳಲ್ಲಿ ಕೆಲವನ್ನು ಬಿಟ್ಟರೆ ಉಳಿದವಕ್ಕೆ ಹೊರಗಿನಿಂದ ಜೋಡಿಸಬೇಕು. ಮೇಲಾಗಿ ಅನೇಕ ಎಫ್‌ಪಿಜಿಎಗಳು ತಮ್ಮ ಜೋಡಣೆಯನ್ನು ಎಸ್‌ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುತ್ತವೆ. ಕರೆಂಟು ಹೋದರೆ ಎಲ್ಲವನ್ನೂ ಮರೆತು, ಬಂದಾಗ ಪಕ್ಕದ ಫ್ಲ್ಯಾಶ್ ಚಿಪ್ಪಿನಿಂದ ಮತ್ತೆ ತುಂಬಿಕೊಳ್ಳಬೇಕು. ಅಷ್ಟು ಹೊತ್ತು ಕಾಂಟಾಕ್ಟರ್ ತಪ್ಪಿಯೂ ಎಳೆಯದಂತೆ ಬೇರೆ ಏರ್ಪಾಡು ಮಾಡಬೇಕು. ದಿನಕ್ಕೆ ಹತ್ತಾರು ಸಲ ಕರೆಂಟು ಹೋಗಿ ಬರುವ ಕಡೆ ಇದು ಸಣ್ಣ ಮಾತಲ್ಲ. ಸಿಪಿಎಲ್‌ಡಿ ಎಂಬ ಚಿಕ್ಕ ಜಾತಿಯ ಲಾಜಿಕ್ ಚಿಪ್‌ಗಳಿಗೆ ಈ ಮರೆವಿನ ತೊಂದರೆ ಇಲ್ಲವಾದರೂ ಅಳತೆಯ ವಿಷಯದಲ್ಲಿ ಅವೂ ಬಡವೇ.

ಟಿ.ಸಿ. ಉಳಿಸುವ ಲೆಕ್ಕ

‘ಆಟೋ’ದಿಂದ ಇನ್ನೊಂದು ಹಾನಿಯೂ ಇದೆ. ಊರಿನವರು ಟಿ.ಸಿ. ಎಂದು ಕರೆಯುವ 63 ಕೆವಿಎ ಟ್ರಾನ್ಸ್‌ಫಾರ್ಮರಿನ ಎಲ್‌ಟಿ ಬದಿಯ ಪೂರ್ಣ ಕರೆಂಟು ಸುಮಾರು 84 ಆಂಪಿಯರ್. ಅದಕ್ಕೆ 5 ಎಚ್‌ಪಿಯ ಹತ್ತು ಮೋಟಾರುಗಳು ಜೋಡಣೆಯಾಗಿವೆ ಎಂದಿಟ್ಟುಕೊಳ್ಳಿ. ಎಲ್ಲವೂ ಓಡುತ್ತಿದ್ದರೆ ಸುಮಾರು 75 ಆಂಪಿಯರ್; ಟಿ.ಸಿ. ತಾಳಿಕೊಳ್ಳುತ್ತದೆ. ಆದರೆ ನೇರವಾಗಿ ಚಾಲೂ ಆಗುವ ಮೋಟಾರು ಹೊರಡುವ ಘಳಿಗೆಯಲ್ಲಿ ಸುಮಾರು ಆರು ಪಟ್ಟು ಎಳೆಯುತ್ತದೆ. ಕರೆಂಟು ಬಂದ ಕ್ಷಣ ಹತ್ತೂ ಒಟ್ಟಿಗೆ ಹೊರಟರೆ ಬೇಡಿಕೆ 450 ಆಂಪಿಯರ್ ಮುಟ್ಟುತ್ತದೆ. ವೋಲ್ಟೇಜ್ ಕುಸಿದು ಯಾವ ಮೋಟಾರಿಗೂ ವೇಗ ಸಿಗದೆ ಆ ಭಾರೀ ಕರೆಂಟು ಇನ್ನಷ್ಟು ಹೊತ್ತು ಮುಂದುವರಿಯುತ್ತದೆ. ಫ್ಯೂಸು ಹಾರುವುದು, ಟಿ.ಸಿ. ಸುಡುವುದು, ಆಮೇಲೆ ಹೆಸ್ಕಾಂ ಕಚೇರಿಗೆ ಅಲೆಯುವುದು ಇದರ ಮುಂದಿನ ಅಧ್ಯಾಯಗಳು.

ಪರಿಹಾರ ಸರಳ: ಒಂದೊಂದು ಡಬ್ಬಿಯೂ ಬೇರೆ ಬೇರೆ ಹೊತ್ತು ಕಾದು ಹೊರಡಬೇಕು. ಹದಿನೈದು ಸೆಕೆಂಡಿನ ಅಂತರದಲ್ಲಿ ಹತ್ತು ಸರದಿ ಹಂಚಿದರೂ ಎರಡೂವರೆ ನಿಮಿಷದಲ್ಲಿ ಎಲ್ಲ ಪಂಪುಗಳೂ ಓಡುತ್ತಿರುತ್ತವೆ. ಎಣಿಕೆ ಮಾಡುವುದು ಎಫ್‌ಪಿಜಿಎಗೂ ಕಷ್ಟವಲ್ಲ. ಆದರೆ ಸರದಿಯನ್ನು ಬದಲಿಸಬೇಕು, ಬದಲಿಸಿದ್ದು ನೆನಪಿರಬೇಕು, ನಾಳೆ ಪಕ್ಕದ ಹೊಲದವರು ಹೊಸ ಸಂಪರ್ಕ ಪಡೆದರೆ ಮತ್ತೆ ಹೊಂದಿಸಬೇಕು. ಮೋಟಾರು ನಿಂತರೆ ಮೊಬೈಲಿಗೆ ಕನ್ನಡದಲ್ಲಿ ಸಂದೇಶ ಬರಬೇಕೆಂದು ರೈತ ಖಂಡಿತ ಕೇಳುತ್ತಾನೆ. ಇಂಥ ‘ಹೀಗಾದರೆ ಹಾಗೆ ಮಾಡು’ ಎಂಬ ಸರಣಿ ಕೆಲಸಗಳಿಗೆ ಮೈಕ್ರೋಕಂಟ್ರೋಲರ್ ಹೇಳಿ ಮಾಡಿಸಿದ್ದು. ಮೊಬೈಲಿನಿಂದ ಪಂಪ್ ನಡೆಸುವ ‘ನ್ಯಾನೋ ಗಣೇಶ್’ ಸಾಧನವನ್ನು ನೆರೆಯ ಪುಣೆಯಲ್ಲಿ ಸಂತೋಷ್ ಓಸ್ತವಾಲ್ ಅವರು ರೂಪಿಸಿ ವರ್ಷಗಳೇ ಸಂದಿವೆ. ದಾರಿ ತಿಳಿದಿರುವುದೇ, ಈ ಭಾಗದ ಟಿ.ಸಿ.ಗೆ, ಈ ಭಾಗದ ಪಾಳಿಗೆ ಅದನ್ನು ಹೊಂದಿಸುವುದು ಒಳ್ಳೆಯ ಪ್ರಾಜೆಕ್ಟೇ ಆಗುತ್ತದೆ.

ಮೈಕ್ರೋಕಂಟ್ರೋಲರಿನ ದೌರ್ಬಲ್ಯವನ್ನೂ ಮುಚ್ಚಿಡಬೇಕಿಲ್ಲ. ಕಾಂಟಾಕ್ಟರಿನ ಕಾಯಿಲ್ ಬಿಡುವಾಗ ಹುಟ್ಟುವ ವೋಲ್ಟೇಜಿನ ಕಿಡಿಗೆ ಪ್ರೋಗ್ರಾಮು ದಾರಿ ತಪ್ಪಿ ಸ್ತಬ್ಧವಾಗಬಹುದು. ಮೋಟಾರು ಓಡುತ್ತಲೇ ಇರುತ್ತದೆ, ಕಾವಲುಗಾರ ಮಾತ್ರ ಎಚ್ಚರ ತಪ್ಪಿರುತ್ತಾನೆ. ಇದಕ್ಕೆಂದೇ ಚಿಪ್ಪಿನೊಳಗೆ ವಾಚ್‌ಡಾಗ್ ಟೈಮರ್ ಇರುತ್ತದೆ. ಪ್ರೋಗ್ರಾಮು ಹೊತ್ತಿಗೆ ಸರಿಯಾಗಿ ಅದನ್ನು ತಟ್ಟದಿದ್ದರೆ ಅದು ಚಿಪ್ಪನ್ನೇ ಮೊದಲಿನಿಂದ ಶುರು ಮಾಡಿಸುತ್ತದೆ. ಎಷ್ಟೋ ಪ್ರಾಜೆಕ್ಟುಗಳಲ್ಲಿ ಅದನ್ನು ಚಾಲೂ ಮಾಡುವ ಒಂದು ಸಾಲನ್ನೂ ಬರೆದಿರುವುದಿಲ್ಲ! ಚಿಪ್ ಯಾವುದೇ ಇರಲಿ, ಸ್ಟಾರ್ಟರಿನ ಓವರ್‌ಲೋಡ್ ರಿಲೇಯನ್ನೂ ಫ್ಯೂಸನ್ನೂ ತೆಗೆದುಹಾಕಬಾರದು.

ಒಂದೇ ಊರು, ಎರಡು ಉತ್ತರ

ಹಾಗಾದರೆ ಪ್ರೋಗ್ರಾಮೆಬಲ್ ಲಾಜಿಕ್ ಈ ನಾಲ್ಕು ತಾಲ್ಲೂಕುಗಳಿಗೆ ಬೇಡವೇ ಬೇಡವೇ? ಹಾಗೇನಿಲ್ಲ. ರಾಮದುರ್ಗದ ನೇಯ್ಗೆಯನ್ನೇ ತೆಗೆದುಕೊಳ್ಳೋಣ.

ವಿನ್ಯಾಸದ ಸೀರೆಗೆ ಜಕಾರ್ಡ್ ಬೇಕು. ತೂತು ಕೊರೆದ ರಟ್ಟಿನ ಪಟ್ಟಿಗಳ ಬದಲಿಗೆ ವಿದ್ಯುತ್ಕಾಂತಗಳಿಂದ ಹಾಸಿನ ಎಳೆ ಎತ್ತುವ ಎಲೆಕ್ಟ್ರಾನಿಕ್ ಜಕಾರ್ಡ್ ಮಾಡಬೇಕೆಂದು ವಿದ್ಯಾರ್ಥಿಯೊಬ್ಬ ಹೊರಟನೆನ್ನಿ. 480 ಕೊಕ್ಕೆಗಳು, ಏಕಕಾಲಕ್ಕೆ 480 ಕೆಲಸ. ಇದು ಎಫ್‌ಪಿಜಿಎಗೇ ಹುಟ್ಟಿದ ಸಮಸ್ಯೆ ಎಂದು ಯಾರಿಗಾದರೂ ಅನಿಸಬೇಕು. ಆದರೆ ಮತ್ತೆ ಗಡಿಯಾರ ನೋಡಬೇಕು. ನಿಮಿಷಕ್ಕೆ 150 ಹೊಕ್ಕು ಹಾಕುವ ವಿದ್ಯುತ್ ಮಗ್ಗದಲ್ಲಿ ಒಂದು ಹೊಕ್ಕಿಗೆ 400 ಮಿಲಿಸೆಕೆಂಡು ಸಮಯವಿದೆ. ಎಂಟೆಂಟು ಬಿಟ್ಟಿನ ಅಗ್ಗದ ಶಿಫ್ಟ್ ರಿಜಿಸ್ಟರುಗಳನ್ನು ಅರವತ್ತರಂತೆ ಸಾಲಾಗಿ ಜೋಡಿಸಿ, ಮೈಕ್ರೋಸೆಕೆಂಡಿಗೆ ಒಂದರಂತೆ ಬಿಟ್ಟುಗಳನ್ನು ತಳ್ಳಿದರೂ ಅರ್ಧ ಮಿಲಿಸೆಕೆಂಡಿನೊಳಗೆ 480ನ್ನೂ ತುಂಬಿಸಿಬಿಡಬಹುದು. ತುಂಬಿದ ಮೇಲೆ ಒಂದೇ ಸಂಕೇತಕ್ಕೆ ಎಲ್ಲವೂ ಒಟ್ಟಿಗೆ ಏಳುತ್ತವೆ. ಸಾಧಾರಣ ಮೈಕ್ರೋಕಂಟ್ರೋಲರ್ ಇಲ್ಲಿ ಧಾರಾಳವಾಗಿ ಸಾಕು.

ಈಗ ಅದೇ ಊರಿನಲ್ಲಿ ನೇಯ್ದ ಬಟ್ಟೆಯ ದೋಷ ಹುಡುಕುವ ಯಂತ್ರವನ್ನು ಯೋಚಿಸಿ. ತಪಾಸಣೆಯ ಮೇಜಿನ ಮೇಲೆ ಬಟ್ಟೆ ನಿಮಿಷಕ್ಕೆ 30 ಮೀಟರಿನಂತೆ ಸರಿಯುತ್ತದೆ, ಅಗಲ 1.2 ಮೀಟರು, ಒಂದು ಮಿಲಿಮೀಟರಿನ ಹತ್ತನೆಯ ಒಂದರಷ್ಟು ಸಣ್ಣ ದೋಷವೂ ಕಾಣಬೇಕು ಎಂದುಕೊಳ್ಳೋಣ. ಆಗ ಕ್ಯಾಮೆರಾ ಸೆಕೆಂಡಿಗೆ 5,000 ಗೆರೆಗಳನ್ನು, ಪ್ರತಿ ಗೆರೆಯಲ್ಲಿ 12,000 ಚುಕ್ಕೆಗಳನ್ನು ಕಳಿಸುತ್ತದೆ. ಒಟ್ಟು ಸೆಕೆಂಡಿಗೆ 6 ಕೋಟಿ ಚುಕ್ಕೆ. 16 ಮೆಗಾಹರ್ಟ್ಸ್‌ನ ಮೈಕ್ರೋಕಂಟ್ರೋಲರ್ ಸೆಕೆಂಡಿಗೆ ಮಾಡುವುದು ಹೆಚ್ಚೆಂದರೆ 1.6 ಕೋಟಿ ಆದೇಶ. ಒಂದು ಚುಕ್ಕೆಯನ್ನು ಓದಲಿಕ್ಕೂ ಅದಕ್ಕೆ ಪುರಸೊತ್ತಿಲ್ಲ, ಸುತ್ತಲಿನ ಎಂಟು ಚುಕ್ಕೆಗಳೊಡನೆ ಹೋಲಿಸುವ ಮಾತು ದೂರ ಉಳಿಯಿತು. ಎಫ್‌ಪಿಜಿಎಯಲ್ಲಿ ಈ ಹೋಲಿಕೆಯನ್ನು ಒಂದು ಸಾಲುಮನೆಯ ಹಾಗೆ ಕಟ್ಟಬಹುದು. ಗಡಿಯಾರದ ಪ್ರತಿ ಬಡಿತಕ್ಕೆ ಒಂದು ಹೊಸ ಚುಕ್ಕೆ ಒಳಬರುತ್ತದೆ, ಒಂದು ತೀರ್ಪು ಹೊರಬೀಳುತ್ತದೆ. 100 ಮೆಗಾಹರ್ಟ್ಸ್ ಗಡಿಯಾರವಿದ್ದರೆ 10 ಕೋಟಿ ಚುಕ್ಕೆಗಳವರೆಗೂ ಅಡ್ಡಿಯಿಲ್ಲ. (ಇಂದು ಇಂಥ ಕೆಲಸಕ್ಕೆ ಗ್ರಾಫಿಕ್ಸ್ ಪ್ರೊಸೆಸರ್ ಇರುವ ಪುಟ್ಟ ಕಂಪ್ಯೂಟರುಗಳೂ ಪೈಪೋಟಿಗೆ ಬಂದಿವೆ ಎಂಬುದು ನಿಜ.)

ಕರ್ನಾಟಕದಲ್ಲಿಯೇ ಇದರ ದೊಡ್ಡ ಉದಾಹರಣೆ ಇದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2020ರಲ್ಲಿ ‘ಸರಸ್-3’ ಎಂಬ ರೇಡಿಯೋ ದೂರದರ್ಶಕವನ್ನು ದಂಡಿಗನಹಳ್ಳಿ ಕೆರೆಯ ಮೇಲೆ, ಶರಾವತಿಯ ಹಿನ್ನೀರಿನ ಮೇಲೆ ತೇಲಿಬಿಟ್ಟು ವಿಶ್ವದ ಆದಿಕಾಲದ ಮೊದಲ ನಕ್ಷತ್ರಗಳ ಸುಳಿವನ್ನು ಹುಡುಕಿದರು. ಅಮೆರಿಕದ ತಂಡವೊಂದು 2018ರಲ್ಲಿ ಕಂಡೆವೆಂದು ಹೇಳಿದ್ದ ಸಂಕೇತವನ್ನು ಇವರ ಅಳತೆ ಅಲ್ಲಗಳೆಯಿತು. 2022ರಲ್ಲಿ ‘ನೇಚರ್ ಅಸ್ಟ್ರಾನಮಿ’ ಅದನ್ನು ಪ್ರಕಟಿಸಿತು. 85 ಮೆಗಾಹರ್ಟ್ಸ್‌ವರೆಗಿನ ಅಲೆಗಳನ್ನು ನೇರವಾಗಿ ಅಂಕಿಗಳಾಗಿಸಲು ಸೆಕೆಂಡಿಗೆ ಕನಿಷ್ಠ 17 ಕೋಟಿ ಮಾದರಿ ತೆಗೆಯಬೇಕು. ಒಂದನ್ನೂ ಕೈಬಿಡದೆ ಅವುಗಳಿಂದ ರೋಹಿತವನ್ನು ಲೆಕ್ಕ ಹಾಕುತ್ತಿರಬೇಕು. ಅಲ್ಲಿ ದುಡಿದುದು ಎಫ್‌ಪಿಜಿಎ. 

ಎರಡರ ಗಡಿಯಲ್ಲಿ ನಿಲ್ಲುವ ಕೆಲಸಗಳೂ ಇವೆ. 2019ರಲ್ಲಿ ಆರಂಭವಾದ ಪಿಎಂ-ಕುಸುಮ್ ಯೋಜನೆಯಿಂದಾಗಿ ಸೌರ ಪಂಪುಗಳ ಮಾತು ಹಳ್ಳಿಗಳಿಗೂ ಬಂದಿದೆ. ಅವುಗಳ ಇನ್ವರ್ಟರಿನಲ್ಲಿರುವ ಐಜಿಬಿಟಿ ಎಂಬ ಸ್ವಿಚ್ಚು ಶಾರ್ಟ್ ಆದರೆ ತಾಳಿಕೊಳ್ಳುವುದು ಸುಮಾರು 10 ಮೈಕ್ರೋಸೆಕೆಂಡು ಮಾತ್ರ. ಆ ಕ್ಷಣದಲ್ಲಿ ಪ್ರೋಗ್ರಾಮು ಓದುತ್ತ ಕೂತರೆ ಸ್ವಿಚ್ಚು ಬೂದಿ. ಆದ್ದರಿಂದ ನಿಲ್ಲಿಸುವ ಕೆಲಸವನ್ನು ಹಾರ್ಡ್‌ವೇರಿಗೇ ಬಿಡಬೇಕು. ಆದರೆ ಅದಕ್ಕಾಗಿ ಎಫ್‌ಪಿಜಿಎಯನ್ನೇ ತರಬೇಕೆಂದಿಲ್ಲ. ಮೋಟಾರು ನಡೆಸಲೆಂದೇ ತಯಾರಾದ ಮೈಕ್ರೋಕಂಟ್ರೋಲರುಗಳಲ್ಲಿ ಪ್ರೊಸೆಸರನ್ನು ಕೇಳದೆ ಪಲ್ಸುಗಳನ್ನು ಕಡಿದುಹಾಕುವ ಸರ್ಕ್ಯೂಟು ಒಳಗೇ ಇರುತ್ತದೆ. 2021ರ ಜನವರಿಯಲ್ಲಿ 4 ಡಾಲರಿಗೆ ಬಿಡುಗಡೆಯಾದ ರಾಸ್ಪ್‌ಬೆರಿ ಪೈ ಪಿಕೋದಲ್ಲಿ ಪ್ರೊಸೆಸರಿನ ಜತೆಗೆ, ಸ್ವತಂತ್ರವಾಗಿ ಪಿನ್ನುಗಳನ್ನು ನಡೆಸುವ ಎಂಟು ಪುಟ್ಟ ಯಂತ್ರಗಳಿವೆ. ಎಫ್‌ಪಿಜಿಎಯ ಹತ್ತನೆಯ ಒಂದು ಪಾಲಿನಷ್ಟು ವಿದ್ಯೆ ಬೇಕಾದವರಿಗೆ ಇಂಥವು ಸಾಕಾಗುತ್ತವೆ.

ಉದ್ಯೋಗದ ಪ್ರಶ್ನೆ

ವಿದ್ಯಾರ್ಥಿಗಳು ಎಫ್‌ಪಿಜಿಎಗೆ ಒಲಿಯುವುದರ ಹಿಂದೆ ಒಂದು ನ್ಯಾಯವಾದ ಕಾರಣವಿದೆ. ಬೆಂಗಳೂರಿನ ಚಿಪ್ ವಿನ್ಯಾಸ ಕಂಪೆನಿಗಳು ವೆರಿಲಾಗ್ ಬಲ್ಲವರನ್ನು ಹುಡುಕುತ್ತವೆ. ಹೊಸ ಪ್ರೊಸೆಸರುಗಳನ್ನು ಸಿಲಿಕಾನಿಗೆ ಇಳಿಸುವ ಮುನ್ನ ಎಫ್‌ಪಿಜಿಎಯಲ್ಲೇ ಪರೀಕ್ಷಿಸುತ್ತಾರೆ. ಆ ಕೆಲಸದ ಆಸೆ ಇದ್ದವರು ಅದನ್ನು ಕಲಿಯಲೇಬೇಕು. ಆದರೆ ಅದಕ್ಕೆ ತಕ್ಕ ವಿಷಯವನ್ನು, ಬಟ್ಟೆ ತಪಾಸಣೆಯಂಥದ್ದನ್ನು ಆರಿಸಿಕೊಳ್ಳಲಿ. ರೈತನ ಸ್ಟಾರ್ಟರ್ ಡಬ್ಬಿಯನ್ನು ನೆಪವಾಗಿಟ್ಟುಕೊಂಡು ಅದರೊಳಗೆ ಎಫ್‌ಪಿಜಿಎ ತುರುಕಿದರೆ ಅಂಕ ಬಂದೀತು, ಡಬ್ಬಿ ಮಾತ್ರ ಪ್ರದರ್ಶನದ ಮರುದಿನ ಅಟ್ಟ ಸೇರುತ್ತದೆ.

ಏಕೆಂದರೆ ಹೊಲದಲ್ಲಿ ಉಳಿಯುವ ಸಾಧನಕ್ಕೆ ದುರಸ್ತಿಯ ದಾರಿಯೂ ಇರಬೇಕು. ಸಾಮಾನ್ಯ ಮೈಕ್ರೋಕಂಟ್ರೋಲರ್ ಒಂದು ವೋಲ್ಟೇಜಿನಲ್ಲಿ ನಡೆಯುತ್ತದೆ. ಸಾಕೆಟ್ಟಿನಲ್ಲಿ ಕೂರಿಸಿದ ಚಿಪ್ಪನ್ನು ಬೈಲಹೊಂಗಲದ ರಿಪೇರಿ ಅಂಗಡಿಯಲ್ಲಿ ಸ್ಕ್ರೂಡ್ರೈವರಿನಿಂದ ಮೀಟಿ ತೆಗೆದು ಬೇರೆಯದನ್ನು ಹಾಕಬಹುದು. ಎಫ್‌ಪಿಜಿಎಗೆ ಎರಡು ಮೂರು ಬಗೆಯ ವೋಲ್ಟೇಜು ಬೇಕು. ಅದರ ಕಾಲುಗಳು ಅತಿ ಸೂಕ್ಷ್ಮ. ಕೆಲವಕ್ಕೆ ಕಾಲುಗಳೇ ಇಲ್ಲ, ಹೊಟ್ಟೆಯಡಿಯಲ್ಲಿ ಬೆಸುಗೆಯ ಗುಂಡುಗಳಿರುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಮೈಕ್ರೋಕಂಟ್ರೋಲರ್ ಚಿಪ್ಪೊಂದು ನೂರಿನ್ನೂರು ರೂಪಾಯಿಯೊಳಗೆ ಸಿಗುವಾಗ ಎಫ್‌ಪಿಜಿಎ ಕಲಿಕಾ ಬೋರ್ಡಿಗೆ ಸಾವಿರಗಳ ಲೆಕ್ಕದಲ್ಲಿ ಕೊಡಬೇಕಾಗುತ್ತದೆ. ಝೈಲಿಂಕ್ಸ್ 2022ರಲ್ಲಿ ಎಎಂಡಿ ಕಂಪೆನಿಯ ಪಾಲಾಯಿತು. ಹಳೆಯ ಸ್ಪಾರ್ಟನ್-3 ಬೋರ್ಡುಗಳಿಗೆ ಬೇಕಾದ ಐಎಸ್‌ಇ ತಂತ್ರಾಂಶದ ಕೊನೆಯ ಆವೃತ್ತಿ 2013ರದು. 8051ರ ವಂಶದ ಚಿಪ್‌ಗಳನ್ನಾದರೋ ಹಲವು ಕಂಪೆನಿಗಳು ಇಂದಿಗೂ ತಯಾರಿಸುತ್ತಿವೆ.

ಪಂಪ್‌ಸೆಟ್ ಪ್ರಾಜೆಕ್ಟು ಕೈಗೊಂಡವರು ಪರೀಕ್ಷಕರ ಮುಂದೆ ನಿಲ್ಲುವ ಮೊದಲು ಬಲ್ಲ ಎಲೆಕ್ಟ್ರಿಶಿಯನ್ ಒಬ್ಬರನ್ನು ಜತೆಗಿಟ್ಟುಕೊಂಡು ಹೊಲದಲ್ಲಿ ಒಂದು ಪ್ರಯೋಗ ಮಾಡಬೇಕು. ಮೋಟಾರು ನೀರೆತ್ತುತ್ತ ಪೂರ್ಣ ವೇಗದಲ್ಲಿ ಓಡುತ್ತಿರುವಾಗ ಅವರ ಕೈಯಿಂದ ಒಂದು ಫೇಸನ್ನು ಕಡಿಸಿ, ಎಷ್ಟು ಸೆಕೆಂಡಿಗೆ ಕಾಂಟಾಕ್ಟರ್ ಬಿಡುತ್ತದೆಂದು ಎಣಿಸಬೇಕು. ಮೋಟಾರು ನಿಂತಿರುವಾಗ ಫೇಸ್ ಕಡಿದು ನೋಡುವುದು ಪರೀಕ್ಷೆಯಲ್ಲ. ಆಗ ಎಂಥ ಡಬ್ಬಿಯೂ ಪಾಸಾಗುತ್ತದೆ.